ಮರದ ಹಿಡಿಯ ದಬ್ಬಳ: ವರ್ಷಗಟ್ಟಲೆ ಬಳಸಿದ ಮೇಲೆ

ಹಳೇ ಪುಸ್ತಕಗಳಿಗೆ ಹೊಲಿಗೆ ಹಾಕಲು, ಬ್ಯಾಗು ಬೆಲ್ಟು ರಿಪೇರಿ ಮಾಡಲು ಹಾರ್ಡ್‌ವೇರ್ ಅಂಗಡಿಯಲ್ಲಿ ಕೊಂಡ ದಬ್ಬಳ ಇದು. ಕಚೇರಿಯಲ್ಲಿ ಕಡತಕ್ಕೆ ಟ್ಯಾಗ್ ಹಾಕುವವರು ಇಂಥದ್ದನ್ನೇ ಪೋಕರ್ ಅನ್ನುತ್ತಾರೆ.

ಪಂಚಿಂಗ್ ಮಷೀನ್ ಸಾಲದೇ ಎಂದು ಕೇಳುವವರಿದ್ದಾರೆ. ಹೊಲಿಗೆಗೆ ಸಾಲದು. ಪಂಚ್ ಕಾಗದವನ್ನು ಕತ್ತರಿಸಿ ತೆಗೆದುಬಿಡುತ್ತದೆ. ದಬ್ಬಳ ನಾರುಗಳನ್ನು ಪಕ್ಕಕ್ಕೆ ಸರಿಸುತ್ತದೆ, ಅಷ್ಟೆ. ದಾರ ಎಳೆದು ಬಿಗಿದ ಮೇಲೆ ರಂಧ್ರ ಅದರ ಸುತ್ತ ಬಿಗಿಯಾಗಿ ಕೂರುತ್ತದೆ. ಮಡಿಚಿದ ಹಾಳೆಗಳನ್ನು ಬಿಡಿಸಿ, ಮಡಿಕೆಯ ಒಳಗಿನಿಂದ ಹೊರಕ್ಕೆ ಚುಚ್ಚಬೇಕು: ನಡುವೆ ಒಂದು, ಮೇಲೆ ಕೆಳಗೆ ಒಂದೊಂದು. ಹಿಡಿಯ ಗುಂಡು ತುದಿ ಅಂಗೈಯಲ್ಲಿ ಕೂತು, ತೋರುಬೆರಳು ಕಡ್ಡಿಯ ಮೇಲೆ ಚಾಚಿದ್ದರೆ ಮೊನೆ ಇಟ್ಟ ಗುರುತಿನಿಂದ ಕದಲುವುದಿಲ್ಲ. ಇದರಲ್ಲಿ ನನ್ನ ದಬ್ಬಳಕ್ಕೆ ಪೂರ್ತಿ ಅಂಕ.

ಚರ್ಮಕ್ಕೆ ಅಷ್ಟು ಕೊಡಲಾರೆ. ಇದರದು ದುಂಡು ಮೊನೆ, ದಪ್ಪ ಬೆಲ್ಟಿಗೆ ತುಂಬಾ ಬಲ ಹಾಕಬೇಕಾಗುತ್ತದೆ. ಮೊನೆಗೆ ಸ್ವಲ್ಪ ಮೇಣ ಸವರಿದರೆ ಸಲೀಸು. ಚರ್ಮದ ಕೆಲಸವೇ ಹೆಚ್ಚಿದ್ದರೆ ವಜ್ರಾಕಾರದ ಮೊನೆಯ ಆರಿ (ಚರ್ಮ ಹೊಲಿಯುವವರ ದಬ್ಬಳ) ತೆಗೆದುಕೊಳ್ಳಿ, ಅದು ಚಿಕ್ಕ ಸೀಳು ಮಾಡಿಕೊಂಡು ಒಳಗಿಳಿಯುತ್ತದೆ. ಮೊಳೆಯಿಲ್ಲದೆ, ಚರ್ಮದ ದಾರದಲ್ಲೇ ಹೊಲಿಯುವ ಕೊಲ್ಹಾಪುರಿ ಚಪ್ಪಲಿಯನ್ನು ನಮ್ಮ ಅಥಣಿಯಲ್ಲೂ ಮಾಡುತ್ತಾರೆ. 2019ರಲ್ಲಿ ಅದಕ್ಕೆ ಸಿಕ್ಕ ಜಿಐ (ಭೌಗೋಳಿಕ ಸೂಚಕ, ಅಂದರೆ ಇಂಥ ಪ್ರದೇಶದ್ದೇ ಉತ್ಪನ್ನ ಎಂಬ) ಮಾನ್ಯತೆಯಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆ ಚಪ್ಪಲಿಯ ಒಂದೊಂದು ಹೊಲಿಗೆಯ ಹಿಂದೆಯೂ ಆರಿ ಹಿಡಿದ ಕೈಯ ಶ್ರಮವಿದೆ.

ಮರಗೆಲಸಕ್ಕೆ ಸ್ಕ್ರೂ ಕೂರುವ ಜಾಗ ಗುರುತಿಸಲು ಸಾಕು.

ಮಕ್ಕಳಿರುವ ಮನೆಯಲ್ಲಿ ಇದನ್ನು ಖಂಡಿತ ಎತ್ತರದಲ್ಲಿಡಿ. ಅಂಧರ ಬ್ರೈಲ್ ಲಿಪಿ ರೂಪಿಸಿದ ಫ್ರಾನ್ಸಿನ ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ ಅಪ್ಪನ ಚರ್ಮಗೆಲಸದ ಕೋಣೆಯಲ್ಲಿ ಇಂಥ ಮೊನೆಯೇ ಒಂದು ಕಣ್ಣಿಗೆ ತಗುಲಿತು. ಸೋಂಕು ಇನ್ನೊಂದಕ್ಕೂ ಹರಡಿ ಎರಡೂ ಕಣ್ಣು ಹೋದವು. ನಾನು ಮೊನೆಗೆ ಬಾಟಲಿಯ ಬಿರಡೆ ಚುಚ್ಚಿಡುತ್ತೇನೆ.

ಮೊನೆ ಮೊಂಡಾದರೆ ಸಾಣೆಕಲ್ಲಿನ ಮೇಲೆ ಎಣ್ಣೆ ಹಾಕಿ, ಹಿಡಿಯನ್ನು ತಿರುಗಿಸುತ್ತಾ ಉಜ್ಜಿದರಾಯಿತು. ಆನ್‌ಲೈನಿನಲ್ಲಿ ತರಿಸಿದ ಇನ್ನೊಂದು ದಬ್ಬಳದ ಕಡ್ಡಿ ಮೊದಲ ಬೆಲ್ಟಿಗೇ ಬಾಗಿತ್ತು. ಹಾಗಾಗಿ ಅಂಗಡಿಗೇ ಹೋಗಿ, ಕಡ್ಡಿ ಹಿಡಿಯೊಳಗೆ ಅಲ್ಲಾಡುತ್ತದೆಯೇ, ಹಿತ್ತಾಳೆಯ ಬಳೆ ಬಿಗಿಯಾಗಿದೆಯೇ ಎಂದು ನೋಡಿಯೇ ಕೊಳ್ಳಿ.