ಪೋಸ್ಟೇಜ್ ಸ್ಟಾಂಪಿನಷ್ಟು ಜಾಗ: ಫೋನಿನ ಮ್ಯಾಕ್ರೋ ಲೆನ್ಸ್ ಜೊತೆ ಮೂರು ತಿಂಗಳು

ಚಿಕ್ಕ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೋರಿಸುವ, ಫೋನಿಗೆ ಕ್ಲಿಪ್ಪಿನಿಂದ ಸಿಕ್ಕಿಸುವ 10 ಎಕ್ಸ್ (ಹತ್ತು ಪಟ್ಟು) ಮ್ಯಾಕ್ರೋ ಲೆನ್ಸ್ ಕೊಂಡು ಮೂರು ತಿಂಗಳಾಯಿತು. ಮೊದಲ ದಿನ ದುಡ್ಡು ದಂಡ ಅನ್ನಿಸಿತ್ತು. ಏನೇ ಮಾಡಿದರೂ ಬರೀ ಮಬ್ಬು. ಒಂದು ಸಂಜೆಯೆಲ್ಲ ಗುದ್ದಾಡಿದ ಮೇಲೆ ತಪ್ಪು ಫೋನಿನದು ಅಂತ ತಿಳಿಯಿತು. ವಸ್ತು ಹತ್ತಿರ ಬಂದ ಕೂಡಲೇ ಅದು ತನ್ನಷ್ಟಕ್ಕೆ ಅಗಲ ನೋಟದ ಅಲ್ಟ್ರಾವೈಡ್ ಕ್ಯಾಮೆರಾಗೆ ಹಾರುತ್ತಿತ್ತು. ನಾನು ಲೆನ್ಸ್ ಸಿಕ್ಕಿಸಿದ್ದು ಪಕ್ಕದ ಮುಖ್ಯ ಕ್ಯಾಮೆರಾ ಮೇಲೆ! ಸೆಟ್ಟಿಂಗ್ಸ್‌ನಲ್ಲಿ ಹೀಗೆ ಹಾರಿಸುವ ಆಟೋ ಮ್ಯಾಕ್ರೋ ಆಫ್ ಮಾಡಿದೆ, ಸರಿಹೋಯಿತು. ಡಬ್ಬಿಯೊಳಗಿನ ಚೀಟಿಯಲ್ಲಿ ಈ ಒಂದು ಸಾಲು ಬರೆಯಲು ಅವರಿಗೇನಾಗಿತ್ತೋ.

10 ಎಕ್ಸ್ ಅಂದರೆ ವಸ್ತುವಿನಿಂದ ಸುಮಾರು 2.5 ಸೆಂಟಿಮೀಟರ್ ದೂರದಲ್ಲೇ ಇರಬೇಕು. ಚೂರು ಆಚೀಚೆ ಆದರೂ ಮಸುಕು. ಫೋಕಸ್ ಆಳ, ಅಂದರೆ ಚೂಪಾಗಿ ಕಾಣುವ ಪದರ, ಒಂದು ಮಿಲಿಮೀಟರ್ ಸಿಕ್ಕರೆ ಪುಣ್ಯ. ಅದಕ್ಕೇ ಫೋನನ್ನು ದಪ್ಪ ಪುಸ್ತಕಕ್ಕೆ ಒರಗಿಸಿ, ಪುಸ್ತಕವನ್ನೇ ಮೆಲ್ಲಗೆ ಸರಿಸುತ್ತೇನೆ. ಅಷ್ಟು ಹತ್ತಿರ ಹೋದರೆ ಫೋನಿನ ನೆರಳೇ ಬೀಳುತ್ತದೆ. ಪಕ್ಕದಲ್ಲಿ ಒಂದು ಬಿಳಿ ಹಾಳೆ ನಿಲ್ಲಿಸಿದರೆ ಬೆಳಕು ತುಂಬಿಕೊಳ್ಳುತ್ತದೆ.

1930ರಲ್ಲಿ ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ ಒಂದು ದೊಣ್ಣೆಮೆಣಸಿನಕಾಯಿಯನ್ನು ತಗಡಿನ ಆಲಿಕೆಯೊಳಗೆ ಕೂರಿಸಿ ಫೋಟೋ ತೆಗೆದಿದ್ದರು. ಮೈ ತಿರುಚಿಕೊಂಡು ಕೂತ ಮನುಷ್ಯನ ಬೆನ್ನಿನ ಹಾಗೆ ಕಾಣುತ್ತದೆ ಅದು. ನನಗೂ ಆಸೆಯಾಯಿತು. ಆದರೆ ಈ ಲೆನ್ಸಿಗೆ ಇಡೀ ಕಾಯಿ ಎಲ್ಲಿ ಹಿಡಿಸುತ್ತದೆ? ಕಾಣುವುದೇ ಪೋಸ್ಟೇಜ್ ಸ್ಟಾಂಪಿನಷ್ಟು ಜಾಗ. ಕೊನೆಗೆ ಕಾಯಿಯನ್ನು ಸೀಳಿ, ಹಿಂದಿನಿಂದ ಟಾರ್ಚ್ ಬಿಟ್ಟೆ. ಬೀಜಗಳ ನಡುವಿನ ತೆಳು ಬಿಳಿ ಗೋಡೆ ದೀಪದ ಹಾಗೆ ಹೊತ್ತಿಕೊಂಡಿತು. ಇಡೀ ವಸ್ತು ಹುಡುಕುವುದನ್ನು ಅವತ್ತೇ ಬಿಟ್ಟೆ. ಈಗ ಹುಡುಕುವುದು ಅಂಚು, ಬಿರುಕು, ನೂಲಿನ ಎಳೆ. ಸುಟ್ಟ ಬೆಂಕಿಕಡ್ಡಿಯ ತಲೆ ನೋಡಿ, ಥೇಟ್ ಜ್ವಾಲಾಮುಖಿಯ ಕಲ್ಲು. ಒಣಗಿದ ಎಲೆಯ ಬೆನ್ನಂತೂ ಆಕಾಶದಿಂದ ನೋಡಿದ ನದಿಗಳೇ.

ಜಾಸ್ತಿ ಖುಷಿ ಕೊಟ್ಟಿದ್ದು ನೀರಿನ ಹನಿ. ಹುಲ್ಲಿನ ಗರಿಯ ತುದಿಗೆ ಒಂದು ಹನಿ ಬಿಟ್ಟು, ಹಿಂದೆ ನಾಲ್ಕು ಬೆರಳು ದೂರದಲ್ಲಿ ಹೂ ನಿಲ್ಲಿಸಿದೆ. ಹನಿಯೊಳಗೆ ಇಡೀ ಹೂ, ಆದರೆ ತಲೆಕೆಳಗು. ಹನಿಯೂ ಉಬ್ಬಿದ ಲೆನ್ಸೇ ಅಲ್ವಾ! ಹೂವನ್ನೇ ತಲೆಕೆಳಗೆ ಹಿಡಿದೆ, ಒಳಗೆ ನೆಟ್ಟಗಾಯಿತು. ಫೋಕಸ್ ಹನಿಯ ಅಂಚಿಗೆ ಇಡಬೇಡಿ, ಒಳಗಿನ ಹೂವಿಗೆ ಇಡಿ. ಬರೀ ನೀರು ಬೇಗ ಜಾರುತ್ತದೆ, ಸ್ವಲ್ಪ ಗ್ಲಿಸರಿನ್ ಬೆರೆಸಿದರೆ ನಿಲ್ಲುತ್ತದೆ. ಇನ್ನೇನು ಕ್ಲಿಕ್ ಮಾಡಬೇಕು, ಎಲ್ಲಿತ್ತೋ ಒಂದು ಇರುವೆ, ಗರಿ ಹತ್ತಿ ಬಂತು. ಗರಿ ಅಲ್ಲಾಡಿತು, ಹನಿ ನೆಲಕ್ಕೆ. ಮತ್ತೆ ಮೊದಲಿಂದ. ನಲವತ್ತು ತೆಗೆದು ಮೂರು ಉಳಿಸಿಕೊಂಡೆ.

ಕೊರತೆಗಳೂ ಇವೆ. ನಡುವೆ ಚೂಪಾಗಿದ್ದರೂ ಫೋಟೋದ ನಾಲ್ಕು ಮೂಲೆ ಕಲಸಿದಂತಿರುತ್ತವೆ. ಬಿಳಿ ಹಿನ್ನೆಲೆ ಇದ್ದರೆ ವಸ್ತುವಿನ ಅಂಚಿಗೆ ನೇರಳೆ ಗೆರೆ ಬರುತ್ತದೆ. ನಾನು ಸುಮ್ನೆ ಮೂಲೆ ಕತ್ತರಿಸಿಬಿಡುತ್ತೇನೆ. ಕ್ಲಿಪ್ಪಿನ ರಬ್ಬರ್ ಎರಡನೇ ತಿಂಗಳಿಗೇ ಕಿತ್ತುಬಂತು, ಈಗ ಅಂಟು ಹಾಕಿದ್ದೇನೆ. ಜೊತೆಗೆ ಬಂದ, ಎಲ್ಲವನ್ನೂ ಗುಂಡಗೆ ಬಾಗಿಸಿ ತೋರಿಸುವ ಫಿಶ್‌ಐ ಲೆನ್ಸನ್ನು ಎರಡು ಸಲ ಹಾಕಿ ಡಬ್ಬಿಗೆ ವಾಪಸ್ ಇಟ್ಟೆ. ಮ್ಯಾಕ್ರೋ ಒಂದೇ ಬಿಡಿಯಾಗಿ ಸಿಕ್ಕರೆ ಅದನ್ನೇ ತಗೊಳ್ಳಿ.

ಐದರಲ್ಲಿ ಮೂರೂವರೆ. ಕ್ಲಿಪ್ ಗಟ್ಟಿಯಿದ್ದಿದ್ದರೆ ನಾಲ್ಕು ಕೊಡುತ್ತಿದ್ದೆ.