ಜಿಪ್ಸಿಯ ಕಾರ್ಬೊರೇಟರ್: ಹೊಸ ಡುಪ್ಲಿಕೇಟೋ, ಗುಜರಿಯದೋ, ನಮ್ಮದೇ ಹಳೆಯದೋ?

6,800 ರೂಪಾಯಿ ಕೊಟ್ಟು ತಂದ ಹೊಸ ಕಾರ್ಬೊರೇಟರ್ (ಎಂಜಿನ್ನಿಗೆ ಪೆಟ್ರೋಲು, ಗಾಳಿ ಬೆರೆಸಿ ಕೊಡುವ ಸಾಮಾನು) ಈಗ ನಮ್ಮನೆ ಅಟ್ಟದಲ್ಲಿದೆ. ಗುಜರಿಯಿಂದ ತಂದದ್ದು ಅದರ ಪಕ್ಕದಲ್ಲೇ ಉಂಟು. ಗಾಡಿಯಲ್ಲಿ ಕೂತು ದುಡಿಯುತ್ತಿರುವುದು ಗಾಡಿಯ ಜೊತೆಗೇ ಬಂದ ಹಳೆಯ ಕಾರ್ಬೊರೇಟರ್. ಮೂರನ್ನೂ ನಾನೇ ಕೂರಿಸಿ, ಓಡಿಸಿ ನೋಡಿದ್ದೇನೆ. ನನ್ನ ಮತ ಯಾವುದಕ್ಕೆ ಅಂತ ಇಷ್ಟರಲ್ಲೇ ಗೊತ್ತಾಗಿರಬೇಕು. ಆದರೆ ಅಲ್ಲಿಗೆ ಬಂದು ಮುಟ್ಟಲು ನನಗೆ ಎರಡೂವರೆ ತಿಂಗಳು ಹಿಡಿಯಿತು. ಇದೇ ಗಾಡಿ ಇಟ್ಟುಕೊಂಡವರಿಗೆ ಆ ಎರಡೂವರೆ ತಿಂಗಳು ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನನ್ನದು 1997ರ ಮಾರುತಿ ಜಿಪ್ಸಿ ಕಿಂಗ್. 1.3 ಲೀಟರಿನ, ಎಂಟು ವಾಲ್ವಿನ ಎಂಜಿನ್. 2000ದಲ್ಲಿ ಎಂಪಿಎಫ್‌ಐ (ಕಂಪ್ಯೂಟರ್ ಲೆಕ್ಕದಲ್ಲಿ ಪೆಟ್ರೋಲ್ ಚಿಮುಕಿಸುವ ವ್ಯವಸ್ಥೆ) ಬರುವ ಮೊದಲಿನದು, ಹಾಗಾಗಿ ಕಾರ್ಬೊರೇಟರ್. ಮನೆ ಕಟಪಾಡಿಯಲ್ಲಿ. ಹೆಬ್ರಿಯಿಂದ ಒಳಗೆ ಮಾವನ ಮನೆಯ ಅಡಿಕೆ ತೋಟಕ್ಕೆ ವಾರಕ್ಕೊಮ್ಮೆ ಹೋಗುವುದು ಇದರಲ್ಲೇ. ಕೊನೆಯ ಮೂರು ಕಿಲೋಮೀಟರ್ ಕೆಮ್ಮಣ್ಣಿನ ಏರು. ಮಳೆಗಾಲದಲ್ಲಿ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು) ಹಾಕದೆ ಅಲ್ಲಿ ಏರಲು ಆಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಐದು ವಾರ ಗಾಡಿ ತೆಗೆಯಲಿಲ್ಲ. ಅದೇ ತಪ್ಪು. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20 ಎಥನಾಲ್ ಇರುತ್ತದೆ, ಮತ್ತು ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಜುಲೈ ತಿಂಗಳಲ್ಲಿ ತೇವಕ್ಕೆ ಏನು ಬರ? ಗೋಡೆಯೇ ಬೆವರುತ್ತದೆ. ಆಗಸ್ಟಿನಲ್ಲಿ ಸ್ಟಾರ್ಟ್ ಮಾಡಿದರೆ ಕಾಲು ಎಕ್ಸಲರೇಟರ್ ಮೇಲೆ ಇದ್ದರಷ್ಟೇ ಎಂಜಿನ್ ನಿಲ್ಲದೆ ಓಡುತ್ತಿತ್ತು. ಏರಿನಲ್ಲಿ ಕಪ್ಪು ಹೊಗೆ. ನಿಲ್ಲಿಸಿದ ಮೇಲೆ ಬಾನೆಟ್ ತೆಗೆದರೆ ಮೂಗಿಗೆ ಹೊಡೆಯುವಷ್ಟು ಪೆಟ್ರೋಲ್ ವಾಸನೆ.

ಕಾರ್ಬೊರೇಟರಿಗೆ ಕೈ ಹಾಕುವ ಮೊದಲು ಒಂದು ಮಾತು. ಕಾರ್ಬೊರೇಟರ್ ಹಾಳಾಗಿದೆ ಅಂತ ಹೇಳುವ ಎಷ್ಟೋ ಗಾಡಿಗಳಲ್ಲಿ ತೊಂದರೆ ಕರೆಂಟಿನದ್ದು. ಪ್ಲಗ್ ಬಿಚ್ಚಿ, ಉಜ್ಜಿ, 0.7ರಿಂದ 0.8 ಮಿಲಿಮೀಟರ್ ಸಂದು ಇಡಿ. ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಕರೆಂಟ್ ಹಂಚುವುದು) ಕ್ಯಾಪ್ ತೆಗೆದು ಒಳಗೆ ಹಸಿರು ಹಿಡಿದಿದೆಯಾ ನೋಡಿ. ನನ್ನದರಲ್ಲಿ ಎರಡು ಕಡೆ ಹಿಡಿದಿತ್ತು. ವಾಲ್ವ್ ಸಂದು, ಟೈಮಿಂಗ್ ಸರಿ ಮಾಡಿದ ಮೇಲೂ ತೊಂದರೆ ಉಳಿದರೆ ಆಗ ಕಾರ್ಬೊರೇಟರ್.

ನನಗೆ ಉಳಿಯಿತು. ಒಬ್ಬ ಗೆಳೆಯ ಹೇಳಿದ, "ಇಪ್ಪತ್ತೆಂಟು ವರ್ಷದ್ದು, ಇನ್ನೆಷ್ಟು ಬಾಳಿಕೆ ಬರ್ತದೆ ಮಾರಾಯ? ಹೊಸತು ಹಾಕು." ಸರಿ ಅನಿಸಿತು. ಮಂಗಳೂರು ಬಂದರು ಕಡೆಯ ಒಂದು ಸ್ಪೇರ್ಸ್ ಅಂಗಡಿಯಲ್ಲಿ ಹೊಸ ಡುಪ್ಲಿಕೇಟ್ ಸಿಕ್ಕಿತು. ನೋಡಲು ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಕೂರಿಸಲು ಒಂದು ಗಂಟೆ ಸಾಕಾಯಿತು. ನಾಲ್ಕು ನಟ್ಟು, ಪೈಪುಗಳು, ಎಕ್ಸಲರೇಟರ್ ಕೇಬಲ್, ಚೋಕ್ ಕೇಬಲ್. ಚೋಕ್ ಎಳೆದು ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ತೊಂದರೆ ಶುರುವಾದದ್ದು ಎಂಜಿನ್ ಬಿಸಿಯಾದ ಮೇಲೆ. ಚೋಕ್ ಒಳಗೆ ತಳ್ಳಿದರೆ ಐಡಲ್ (ಎಕ್ಸಲರೇಟರ್ ಒತ್ತದಿದ್ದಾಗಿನ ಎಂಜಿನ್ ವೇಗ) ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮಗು ಉಸಿರು ಬಿಗಿಹಿಡಿದು ಅಳುವ ಹಾಗೆ. ಮೂರು ನಾಲ್ಕು ಸಲ ಹಾಗೆ ಮಾಡಿ ಆಫ್. ಹೆಜಮಾಡಿ ಟೋಲಿನ ಸಾಲಿನಲ್ಲಿ ಎರಡು ಸಲ ನಿಂತಿತು. ಹಿಂದಿನ ಲಾರಿಯವರ ಹಾರನ್ ಇನ್ನೂ ಕಿವಿಯಲ್ಲಿದೆ. ಅಂಗಡಿಗೆ ಫೋನ್ ಮಾಡಿದರೆ, "ಹೊಸತಲ್ವಾ, ಸ್ಕ್ರೂ ಅಡ್ಜಸ್ಟ್ ಮಾಡಿ, ಸರಿಯಾಗ್ತದೆ" ಅಂದರು. ಮಾಡಿದೆ. ಪೆಟ್ರೋಲ್ ಗಾಳಿಯ ಬೆರಕೆ ಹೊಂದಿಸುವ ಮಿಕ್ಸ್ಚರ್ ಸ್ಕ್ರೂವನ್ನು ಪೂರ್ತಿ ಒಳಗೆ ಕೊಟ್ಟರೂ, ನಾಲ್ಕು ಸುತ್ತು ಹೊರಗೆ ತಂದರೂ ಎಂಜಿನ್ನಿಗೆ ಅದರ ಗೊಡವೆಯೇ ಇಲ್ಲ. ಆದರೆ ಚೋಕ್ ಕಾಲು ಇಂಚು ಎಳೆದಿಟ್ಟರೆ ಎಲ್ಲ ಸರಿ.

ಗುಟ್ಟು ಇದ್ದದ್ದು ಅಲ್ಲೇ. ಚೋಕ್ ಎಳೆದರೆ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಅದರಿಂದ ಎಂಜಿನ್ನಿಗೆ ಹಾಯ್ ಅನಿಸುತ್ತದೆ ಅಂದರೆ ಉಳಿದ ಹೊತ್ತಿನಲ್ಲಿ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಬರುತ್ತಿದೆ. ಇನ್‌ಟೇಕ್ ಮ್ಯಾನಿಫೋಲ್ಡಿಗೆ (ಕಾರ್ಬೊರೇಟರಿನಿಂದ ಎಂಜಿನ್ನಿಗೆ ಹೋಗುವ ಕೊಳವೆ) ಎಂಜಿನ್ ಎಳೆಯುವ ಬಲ ಅಳೆಯುವ ವ್ಯಾಕ್ಯೂಮ್ ಗೇಜ್ ಸಿಕ್ಕಿಸಿ ನೋಡಿದೆ. ಸಮುದ್ರಮಟ್ಟದ ನಮ್ಮೂರಲ್ಲಿ ಆರೋಗ್ಯವಾಗಿರುವ ಎಂಜಿನ್ ಐಡಲ್‌ನಲ್ಲಿ 17ರಿಂದ 21 ಇಂಚು (ಪಾದರಸದ ಲೆಕ್ಕದಲ್ಲಿ) ತೋರಿಸಬೇಕು, ಮುಳ್ಳು ಅಲುಗಬಾರದು. ನನ್ನದು 13, 14ರಲ್ಲಿ ಕುಣಿಯುತ್ತಿತ್ತು.

ಮಲ್ಪೆಯಲ್ಲಿ ಬೋಟಿನ ಎಂಜಿನ್ ಕೆಲಸ ಮಾಡುವ ಭಾವ ಒಬ್ಬರಿದ್ದಾರೆ. ಭಾನುವಾರ ಊಟಕ್ಕೆ ಬಂದವರು ಕೈ ತೊಳೆದು ನೇರ ಗಾಡಿಯ ಹತ್ತಿರ ಬಂದರು. ಗೇಜ್ ನೋಡಲಿಲ್ಲ. ಒಂದು ಮೊಳ ಪೆಟ್ರೋಲ್ ಪೈಪ್ ತೆಗೆದುಕೊಂಡು, ಒಂದು ತುದಿ ಕಿವಿಗಿಟ್ಟು, ಇನ್ನೊಂದು ತುದಿಯನ್ನು ಕಾರ್ಬೊರೇಟರಿನ ಬುಡದ ಸುತ್ತ ನಿಧಾನಕ್ಕೆ ಆಡಿಸಿದರು. "ಭಾವ, ಇಲ್ಲಿ ಕೇಳಿ" ಅಂತ ಪೈಪ್ ನನಗೆ ಕೊಟ್ಟರು. ಬುಡದ ಎಡ ಮೂಲೆಯಲ್ಲಿ ಸ್ಸ್... ಅಂತ ಸಣ್ಣ ಸದ್ದು. ಅಲ್ಲಿಗೆ ಕಾರ್ಬ್ ಕ್ಲೀನರ್ ಒಂದು ಚೂರು ಹೊಡೆದೆವು. ಎಂಜಿನ್ ಕೂಡಲೇ ಏರಿತು. (ಇದನ್ನು ತಣ್ಣಗಿರುವ ಎಂಜಿನ್ನಿನಲ್ಲಿ, ಬಯಲಲ್ಲಿ ಮಾಡಿ. ಆ ಸ್ಪ್ರೇಗೆ ಬೆಂಕಿ ಹತ್ತಲು ಒಂದು ಕಿಡಿ ಸಾಕು.)

ಬಿಚ್ಚಿ, ಬುಡವನ್ನು ಕಿಟಕಿಯ ಗಾಜಿನ ತುಂಡಿನ ಮೇಲಿಟ್ಟೆ. ಒಂದು ಮೂಲೆ ಎದ್ದಿತ್ತು. 0.15 ಮಿಲಿಮೀಟರಿನ ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಸಲೀಸಾಗಿ ಒಳಗೆ ಹೋಯಿತು. ಅಂದರೆ ಹೊಸ ಕಾರ್ಬೊರೇಟರಿನ ಬುಡವೇ ಸೊಟ್ಟ. ಗಾಜಿನ ಮೇಲೆ ಎಮರಿ ಪೇಪರ್ ಹಾಸಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ಮುಕ್ಕಾಲು ಗಂಟೆ ಉಜ್ಜಿ ಸಮ ಮಾಡಿದೆ. ಹೊಸ ಗ್ಯಾಸ್ಕೆಟ್ ಹಾಕಿದೆ. ಮುಳ್ಳು 16ಕ್ಕೆ ಬಂತು. ಆದರೂ ಕುಣಿತ ಪೂರ್ತಿ ಹೋಗಲಿಲ್ಲ. ಮತ್ತೆ ಪೈಪ್ ಹಿಡಿದು ಕೂತೆ. ಈ ಸಲ ಸದ್ದು ಬಂದದ್ದು ಥ್ರಾಟಲ್ ಶಾಫ್ಟಿನ (ಎಕ್ಸಲರೇಟರ್ ಒತ್ತಿದಾಗ ಗಾಳಿಯ ಬಾಗಿಲು ತಿರುಗಿಸುವ ಕಡ್ಡಿ) ತುದಿಯಿಂದ. ಆ ಶಾಫ್ಟನ್ನು ಬೆರಳಲ್ಲಿ ಹಿಡಿದು ಅಲುಗಿಸಿದರೆ ಟಕ್ ಟಕ್ ಅನ್ನುತ್ತದೆ. ತೂತು ದೊಡ್ಡದು, ಶಾಫ್ಟ್ ಸಣ್ಣದು. ಇದು ಉಜ್ಜಿದರೆ ಹೋಗುವ ದೋಷ ಅಲ್ಲ. ಲೇತ್‌ನಲ್ಲಿ ಬುಷ್ (ತೂತಿನೊಳಗೆ ಕೂರುವ ಲೋಹದ ಬಳೆ) ಹಾಕಿಸಬೇಕು. ಹೊಸ ಸಾಮಾನಿಗೆ ಲೇತ್ ಕೆಲಸ ಮಾಡಿಸುವುದಾದರೆ ಹೊಸತು ಯಾಕೆ ತಂದದ್ದು? ವಾಪಸ್ ತೆಗೆದುಕೊಳ್ಳಿ ಅಂದರೆ, ಒಮ್ಮೆ ಪೆಟ್ರೋಲ್ ತಾಗಿದ್ದನ್ನು ತೆಗೆದುಕೊಳ್ಳುವುದಿಲ್ಲ ಅಂದರು.

ಇಷ್ಟೇ ಆಗಿದ್ದರೆ ಪೇಟೆ ಓಡಾಟಕ್ಕೆ ಸಹಿಸಬಹುದಿತ್ತು. ಆದರೆ ತೋಟದ ಏರಿನಲ್ಲಿ ಇನ್ನೊಂದು ಎದ್ದಿತು. ಕಾರ್ಬೊರೇಟರಿನ ಮೈಮೇಲೆ ಸಣ್ಣ ಗಾಜಿನ ಕಿಂಡಿ ಇದೆ, ಅದರಲ್ಲಿ ಪೆಟ್ರೋಲಿನ ಮಟ್ಟ ಕಾಣುತ್ತದೆ. ನಡುವಿನ ಗುರುತಿಗೆ ಸರಿಯಾಗಿ ನಿಲ್ಲಬೇಕು. ಡುಪ್ಲಿಕೇಟಿನಲ್ಲಿ ಮೇಲೆ ನಿಂತಿತ್ತು. ಸಮ ರಸ್ತೆಯಲ್ಲಿ ಇದು ಗೊತ್ತೇ ಆಗುವುದಿಲ್ಲ. ಕಡಿದಾದ ಏರಿನಲ್ಲಿ ಮೂತಿ ಮೇಲೆತ್ತಿ ನಿಂತಾಗ ಪೆಟ್ರೋಲ್ ಉಕ್ಕಿ ಗಂಟಲಿಗೆ ಬೀಳುತ್ತದೆ, ಎಂಜಿನ್ ಕಟ್ಟಿಕೊಂಡು ನಿಲ್ಲುತ್ತದೆ. ಮಳೆಯಲ್ಲಿ, ಕೆಸರಿನ ಏರಿನ ಅರ್ಧದಲ್ಲಿ ಎಂಜಿನ್ ಇಲ್ಲದೆ ಬ್ರೇಕ್ ಮೇಲೆ ಗಾಡಿ ನಿಲ್ಲಿಸಿಕೊಳ್ಳುವುದು ಭಯ ಹುಟ್ಟಿಸುವ ಕೆಲಸ. ಪಕ್ಕದಲ್ಲಿ ಅತ್ತೆ ಕೂತಿದ್ದರು. ಅವತ್ತೇ ತೀರ್ಮಾನ ಮಾಡಿದೆ, ಇದು ಬೇಡ.

ಗುಜರಿಯದರ ಬಗ್ಗೆ ಹೇಳಲು ಜಾಸ್ತಿ ಇಲ್ಲ. 1,800 ಕೊಟ್ಟೆ. ಒಳ್ಳೆಯ ಅಸಲಿ ಸಾಮಾನು, ಆದರೆ ಹಿಂದಿನ ಯಾರೋ ಮೇನ್ ಜೆಟ್ಟಿನ (ಪೆಟ್ರೋಲ್ ಅಳೆದು ಬಿಡುವ ಸಣ್ಣ ಹಿತ್ತಾಳೆ ತುಂಡು) ತೂತು ಕೊರೆದು ದೊಡ್ಡದು ಮಾಡಿದ್ದರು. ಎರಡು ಸ್ಕ್ರೂಗಳ ತಲೆ ಸವೆದಿತ್ತು. ಒಂದು ವಾರ ಓಡಿಸಿದೆ, ಪೆಟ್ರೋಲ್ ಕುಡಿದು ಹಾಕಿತು. ಅದರ ಸ್ಪ್ರಿಂಗು, ಲಿವರು, ತಿರುಪು ಮುಂದೆ ಬೇಕಾದಾಗ ಸಿಗುತ್ತವೆ ಅಂತ ಇಟ್ಟುಕೊಂಡಿದ್ದೇನೆ. ಆ ಲೆಕ್ಕದಲ್ಲಿ ದುಡ್ಡು ದಂಡವಾಗಲಿಲ್ಲ.

ಕೊನೆಗೆ ಹಳೆಯದನ್ನೇ ಜಗಲಿಗೆ ತಂದೆ. ಮೊದಲು ಶಾಫ್ಟ್ ಅಲುಗಿಸಿ ನೋಡಿದೆ. ಇಪ್ಪತ್ತೆಂಟು ವರ್ಷವಾದರೂ ಟಕ್ ಅನ್ನಲಿಲ್ಲ. ಬುಡ ಗಾಜಿನ ಮೇಲೆ ಕಚ್ಚಿ ಕೂತಿತು. ಆಗಲೇ ಅರ್ಧ ಧೈರ್ಯ ಬಂತು.

ದೊಡ್ಡ ಹರಿವಾಣದಲ್ಲಿ ಹಳೆ ಪಂಚೆ ಹಾಸಿ ಅದರ ಮೇಲೆ ಬಿಚ್ಚಿದೆ. ಪ್ರತಿ ಲಿವರ್ ತೆಗೆಯುವ ಮೊದಲು ಮಗಳು ಮೊಬೈಲಿನಲ್ಲಿ ಫೋಟೋ ತೆಗೆದಳು. ಈ ಫೋಟೋ ಇಲ್ಲದೆ ಬಿಚ್ಚಬೇಡಿ, ಅಷ್ಟು ಸಣ್ಣ ಸಣ್ಣ ಕಡ್ಡಿಗಳಿವೆ. ಮೇಲಿನ ಮುಚ್ಚಳ ಎತ್ತಿದರೆ ಪೆಟ್ರೋಲ್ ನಿಲ್ಲುವ ಬಟ್ಟಲಿನ ತಳದಲ್ಲಿ ಸುಣ್ಣದಂಥ ಬಿಳಿ ಪುಡಿ, ಅದರ ಮೇಲೆ ಕೆಂಪು ಕೆಸರು. ಬಿಳಿಯದು ನೀರು ತಾಗಿ ಅಲ್ಯೂಮಿನಿಯಂ ಕೊರೆದದ್ದು, ಕೆಂಪು ಟ್ಯಾಂಕಿನ ತುಕ್ಕು. ಬಟ್ಟಲಿಗೆ ಬರುವ ಪೆಟ್ರೋಲ್ ತಡೆಯುವ ನೀಡಲ್ ವಾಲ್ವಿನ ತುದಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಬಳೆಯಂಥ ಗುರುತು. ಅದೇ ಸಂದಿನಿಂದ ಪೆಟ್ರೋಲ್ ಉಕ್ಕಿ ಕಪ್ಪು ಹೊಗೆ ಬರುತ್ತಿದ್ದದ್ದು. ಐಡಲ್ ಹೊತ್ತಿಗೆ ಪೆಟ್ರೋಲ್ ಕೊಡುವ ಸ್ಲೋ ಜೆಟ್ ಬಿಚ್ಚಿ ಆಕಾಶಕ್ಕೆ ಹಿಡಿದು ನೋಡಿದೆ, ಬೆಳಕೇ ಕಾಣಲಿಲ್ಲ. ಐಡಲ್ ನಿಲ್ಲದ್ದಕ್ಕೆ ಕಾರಣ ಆ ಒಂದು ಕಸ.

ಜೆಟ್ಟಿಗೆ ಗುಂಡುಪಿನ್ನು, ಸೂಜಿ ಹಾಕಬೇಡಿ. ಹಿತ್ತಾಳೆ ಮೆತ್ತಗೆ, ತೂತು ದೊಡ್ಡದಾದರೆ ಮತ್ತೆ ಸರಿಯಾಗದು. ರಾತ್ರಿ ಕ್ಲೀನರಿನಲ್ಲಿ ನೆನೆಹಾಕಿ ಬೆಳಿಗ್ಗೆ ಸೈಕಲ್ ಪಂಪಿನಿಂದ ಊದಿದೆ. ಮೂರನೇ ಊದಿಗೆ ಸೂಜಿಮೊನೆಯಷ್ಟು ಬೆಳಕು ಕಂಡಿತು.

ರಿಪೇರಿ ಕಿಟ್ 650 ರೂಪಾಯಿ. ಇದರಲ್ಲೂ ಒಂದು ಎಚ್ಚರ ಬೇಕು. ಮುಚ್ಚಳದ ಕೆಳಗಿನ ಗ್ಯಾಸ್ಕೆಟ್ಟನ್ನು ಹಳೆಯದರ ಮೇಲಿಟ್ಟು ನೋಡಿದರೆ ಒಂದು ಸಣ್ಣ ತೂತು ಹೊಸದರಲ್ಲಿ ಇಲ್ಲವೇ ಇಲ್ಲ. ಹಾಗೇ ಹಾಕಿದ್ದರೆ ಒಂದು ದಾರಿ ಮುಚ್ಚಿಹೋಗುತ್ತಿತ್ತು, ನಾನು ಮತ್ತೆ ಒಂದು ತಿಂಗಳು ಹುಡುಕುತ್ತಿದ್ದೆ. ಚರ್ಮದ ಬೆಲ್ಟಿಗೆ ತೂತು ಮಾಡುವ ಪಂಚಿನಿಂದ ಕೊರೆದು ಸರಿ ಮಾಡಿದೆ. ಕಿಟ್ಟಿನ ಎಕ್ಸಲರೇಟರ್ ಪಂಪಿನ ರಬ್ಬರ್ ಈಗಿನ ಪೆಟ್ರೋಲಿಗೆ ಎಷ್ಟು ದಿನ ತಡೆಯುತ್ತದೋ ಕಾದು ನೋಡಬೇಕು. ಹಳೆಯದು ಉಬ್ಬಿ ಮೆತ್ತಗಾಗಿತ್ತು. ಪೆಟ್ರೋಲ್ ಪೈಪುಗಳನ್ನೂ ಒಟ್ಟಿಗೆ ಬದಲಿಸಿದೆ, ಟ್ಯಾಂಕ್ ಕೂಡ ಇಳಿಸಿ ತೊಳೆದೆ. ಟ್ಯಾಂಕ್ ತೊಳೆಯದೆ ಕಾರ್ಬೊರೇಟರ್ ತೊಳೆದರೆ ಎರಡೇ ವಾರದಲ್ಲಿ ಅದೇ ಕೆಂಪು ಕೆಸರು ಮತ್ತೆ ಬರುತ್ತದೆ.

ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾಗಲು ಬಿಟ್ಟೆ. ಮಿಕ್ಸ್ಚರ್ ಸ್ಕ್ರೂ ಮೆಲ್ಲಗೆ ತಳ ಮುಟ್ಟಿಸಿ, ಎರಡೂವರೆ ಸುತ್ತು ಹೊರಗೆ. ಅಲ್ಲಿಂದ ಕಾಲು ಕಾಲು ಸುತ್ತು ತಿರುಗಿಸುತ್ತ ವ್ಯಾಕ್ಯೂಮ್ ಮುಳ್ಳು ಎಲ್ಲಿ ಅತಿ ಮೇಲೆ ನಿಲ್ಲುತ್ತದೆ ನೋಡಿದೆ. ಆಮೇಲೆ ಒಂದು ಎಳೆ ಒಳಗೆ. ಮುಳ್ಳು 18ರಲ್ಲಿ ನಿಂತಿತು, ಅಲುಗಲಿಲ್ಲ. ಏರ್ ಕ್ಲೀನರ್ ಮೇಲೆ ಸ್ಟೀಲ್ ಲೋಟದಲ್ಲಿ ನೀರಿಟ್ಟೆ. ನೀರಿನ ಮೇಲೆ ಸಣ್ಣ ಬಳೆಗಳು ಮಾತ್ರ ಎದ್ದವು, ಒಂದು ಹನಿಯೂ ಚೆಲ್ಲಲಿಲ್ಲ.

ಹೊಗೆ ತಪಾಸಣೆಯಲ್ಲಿ ಸಿಓ (ಕಾರ್ಬನ್ ಮೊನಾಕ್ಸೈಡ್) ಶೇ 1.4 ಬಂತು. 2000ಕ್ಕಿಂತ ಹಿಂದಿನ ಇಂಥ ಪೆಟ್ರೋಲ್ ಗಾಡಿಗಳಿಗೆ ಮಿತಿ ಶೇ 3. ಗುಜರಿಯದು ಹಾಕಿದ್ದಾಗ 4 ದಾಟಿತ್ತು. ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಹೋಗುವ ನಮಗೆ ಇದು ಸಣ್ಣ ವಿಷಯ ಅಲ್ಲ. ಲೀಟರಿಗೆ 8 ಕಿಲೋಮೀಟರ್ ಕೊಡುತ್ತಿದ್ದದ್ದು ಈಗ ಹತ್ತರ ಹತ್ತಿರ ಕೊಡುತ್ತಿದೆ. ಆಗುಂಬೆ ಘಾಟಿಯ 14 ತಿರುವುಗಳನ್ನೂ ಎರಡು ಸಲ ಹತ್ತಿಸಿದೆ, ಒಮ್ಮೆಯೂ ಕೆಮ್ಮಲಿಲ್ಲ.

ಹಳೆಯದಕ್ಕೆ ಒಟ್ಟು ಖರ್ಚಾದದ್ದು ಕಿಟ್, ಎರಡು ಕ್ಯಾನ್ ಕ್ಲೀನರ್, ಪೈಪು, ಕ್ಲಿಪ್ಪು ಸೇರಿ 1,900. ಜೊತೆಗೆ ಎರಡು ಭಾನುವಾರ. ನನಗೆ ಭಾನುವಾರ ಉಂಟು, ಜಗಲಿ ಉಂಟು, ಕೈ ಎಣ್ಣೆಯಾದರೆ ಬೇಸರ ಇಲ್ಲ. ವಾರಪೂರ್ತಿ ಗಾಡಿ ಬೇಕೇಬೇಕು ಅನ್ನುವವರು ಗುಜರಿಯಲ್ಲಿ ಇನ್ನೊಂದು ಅಸಲಿ ಹುಡುಕಿ, ಕಿಟ್ ಹಾಕಿ ತಯಾರು ಮಾಡಿಟ್ಟುಕೊಳ್ಳಲಿ, ಆದರೆ ಜೆಟ್ ಮೇಲಿನ ನಂಬರ್ ನೋಡಿ ತರಲಿ. ನಿಮ್ಮ ಹಳೆಯದರ ಶಾಫ್ಟ್ ಸವೆದಿದ್ದರೆ ಅದಕ್ಕೇ ಬುಷ್ ಹಾಕಿಸಿ. ಲೇತ್ ಕೂಲಿ ಹೊಸ ಡುಪ್ಲಿಕೇಟಿನ ಬೆಲೆಗಿಂತ ಎಷ್ಟೋ ಕಡಿಮೆ. ಡುಪ್ಲಿಕೇಟ್ ತರಲೇಬೇಕಾದ ಪರಿಸ್ಥಿತಿ ಬಂದರೆ, ಅಂಗಡಿಗೆ ಒಂದು ಸಣ್ಣ ಗಾಜಿನ ತುಂಡು ತೆಗೆದುಕೊಂಡು ಹೋಗಿ. ಬುಡ ಅದರ ಮೇಲಿಟ್ಟು ನೋಡಿ, ಶಾಫ್ಟ್ ಅಲುಗಿಸಿ ನೋಡಿ, ಆಮೇಲೆ ದುಡ್ಡು ಕೊಡಿ.

ಈ ಮಳೆಗಾಲಕ್ಕೆ ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ವಾರಕ್ಕಿಂತ ಜಾಸ್ತಿ ಗಾಡಿ ನಿಲ್ಲಿಸುವುದಾದರೆ ಗಾಡಿಯ ಪೆಟ್ರೋಲ್ ಪಂಪಿನಿಂದ ಕಾರ್ಬೊರೇಟರಿಗೆ ಬರುವ ಪೈಪ್ ಕಳಚಿ, ಅದರ ಬಾಯಿಗೆ ಬೋಲ್ಟ್ ಸಿಕ್ಕಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸುತ್ತೇನೆ. ಬಟ್ಟಲು ಖಾಲಿಯಾಗುತ್ತದೆ. ಟ್ಯಾಂಕ್ ಮಾತ್ರ ಕಂಠದವರೆಗೆ ತುಂಬಿಸಿ ಇಡುತ್ತೇನೆ, ಒಳಗೆ ತೇವದ ಗಾಳಿಗೆ ಜಾಗ ಸಿಗಬಾರದು ಅಂತ.