ಮಾಂಟ್‌ಬ್ಲಾಂಕ್ 149ಓ, ಪೆಲಿಕಾನ್ ಎಂ 1000ವೋ?

ಎರಡೂ ಜರ್ಮನಿಯ ದಪ್ಪ ಶಾಯಿ ಪೆನ್ನುಗಳು. ಎರಡಕ್ಕೂ 18 ಕ್ಯಾರೆಟ್ ಚಿನ್ನದ ನಿಬ್, ಹಿಂಬದಿ ತಿರುಗಿಸಿದರೆ ಶಾಯಿ ಹೀರಿಕೊಳ್ಳುವ ಪಿಸ್ಟನ್. ವ್ಯತ್ಯಾಸ ಗೊತ್ತಾಗುವುದು ಕಾಗದದ ಮೇಲೆ. 1952ರಿಂದ ಬರುತ್ತಿರುವ ಮಾಂಟ್‌ಬ್ಲಾಂಕ್ 149ರ ನಿಬ್ ಸ್ವಲ್ಪ ಬಿಗಿ. ಪೆಲಿಕಾನ್ ಎಂ 1000ರದು ಮೆತ್ತಗೆ ಬಾಗುತ್ತದೆ, ಶಾಯಿಯನ್ನೂ ಧಾರಾಳವಾಗಿ ಬಿಡುತ್ತದೆ. ಇಂಗ್ಲಿಷ್ ಸಹಿಗೆ ಸೊಗಸೇ. ಆದರೆ ಅದೇ ನಿಬ್ಬಿನಲ್ಲಿ ‘ಸ್ತ್ರೀ’ ಎಂದು ಸಣ್ಣಗೆ ಬರೆದು ನೋಡಿ: ತ ಒತ್ತು, ರ ಒತ್ತು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತವೆ. ಕನ್ನಡವನ್ನೇ ಹೆಚ್ಚು ಬರೆಯುವವರಿಗೆ ನನ್ನ ಮತ 149ಕ್ಕೆ, ಅದೂ ತೀರಾ ತೆಳು ಗೆರೆ ಎಳೆಯುವ ಎಕ್ಸ್‌ಟ್ರಾ ಫೈನ್ ನಿಬ್ಬಿಗೆ. ತೊಳೆಯುವ ವಿಷಯದಲ್ಲಿ ಮಾತ್ರ ಪೆಲಿಕಾನ್ ಸಲೀಸು. ನಿಬ್ಬನ್ನು ಕೈಯಲ್ಲೇ ತಿರುಗಿಸಿ ಬಿಚ್ಚಬಹುದು. ಅಂಗಿಯ ಜೇಬಿಗೆ ಎರಡೂ ಹೇಳಿಸಿದವಲ್ಲ. ತೆಳು ಹತ್ತಿಯ ಅಂಗಿಯಾದರೆ ಜೇಬೇ ಜೋತುಬೀಳುತ್ತದೆ.